ಹಮಾಲರನ್ನು ಬಿಟ್ಟ ಸಿದ್ಧತೆ

ವೇತನ ಸಂಹಿತೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2019ರಲ್ಲಿ. ಉಳಿದ ಮೂರು ಕಾರ್ಮಿಕ ಸಂಹಿತೆಗಳು 2020ರಲ್ಲಿ ಬಂದವು. 29 ಹಳೆಯ ಕಾನೂನುಗಳ ಜಾಗದಲ್ಲಿ ಈ ನಾಲ್ಕೂ ಜಾರಿಯಾದದ್ದು 2025ರ ನವೆಂಬರ್ 21ರಂದು. ಸಿದ್ಧವಾಗಲು ಮಾಲೀಕರಿಗೆ ಕಾಲವೇನೂ ಕಡಿಮೆ ಇರಲಿಲ್ಲ. ಆದರೆ ಸಲಹೆಗಾರರು ಹೆಚ್ಚಾಗಿ ಚರ್ಚಿಸಿದ್ದು ಒಂದೇ ಅಂಶವನ್ನು: ಭತ್ಯೆಗಳು ಒಟ್ಟು ಸಂಭಾವನೆಯ ಶೇ 50 ದಾಟಿದರೆ, ಮಿಕ್ಕಿದ್ದನ್ನು ವೇತನವೆಂದೇ ಲೆಕ್ಕ ಹಾಕಬೇಕು, ಗ್ರಾಚ್ಯುಟಿಯ ಹೊರೆ ಏರುತ್ತದೆ.

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸುತ್ತಲಿನ ಉಕ್ಕು ಕಾರ್ಖಾನೆಗಳ ಕಚೇರಿ ಸಿಬ್ಬಂದಿಗೆ ಈ ಲೆಕ್ಕ ಬೇಕೇ ಬೇಕು. ಭಾನಾಪುರದ ಆಟಿಕೆ ಕ್ಲಸ್ಟರ್‌ನಂಥ ಕಡೆ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂಬ ಬದಲಾವಣೆಯೂ ದೊಡ್ಡದು. ಗಂಗಾವತಿ, ಕಾರಟಗಿಯ ರೈಸ್ ಮಿಲ್ಲುಗಳ ಕಥೆ ಬೇರೆ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಿಗೆ ಮೂಲವೇತನವೂ ಇಲ್ಲ, ಭತ್ಯೆಯೂ ಇಲ್ಲ. ಕುಷ್ಟಗಿಯ ಗ್ರಾನೈಟ್ ಕೆಲಸಕ್ಕೆ, ಯಲಬುರ್ಗಾದ ಕಟ್ಟಡ ಕೆಲಸಕ್ಕೆ ಮೇಸ್ತ್ರಿ ಕರೆತಂದವರ ಪಾಡೂ ಅದೇ.

ಸಂಹಿತೆ ಇವರನ್ನು ಮರೆತಿಲ್ಲ, ಮರೆತದ್ದು ಸಿದ್ಧತೆ. ತುಂಡುಗೆಲಸಕ್ಕೂ ಕನಿಷ್ಠ ವೇತನ ಉಂಟು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಹೊಣೆ ಸಂಸ್ಥೆಯ ಮಾಲೀಕನದು. ಬಾಕಿ ಕೇಳಲು ಕಾರ್ಮಿಕನಿಗೆ ಮೂರು ವರ್ಷ ಸಮಯವಿದೆ. ಹಣ ಕೊಟ್ಟಿದ್ದೇನೆಂದು ರುಜುವಾತು ಮಾಡಬೇಕಾದವನು ಮಾಲೀಕ. ಮುಂಗಡ, ಖರ್ಚಿಗೆ, ಹಬ್ಬಕ್ಕೆ ಎಂದು ಕೈಯಿಂದ ಕೈಗೆ ಕೊಟ್ಟ ದುಡ್ಡು ಪುಸ್ತಕದಲ್ಲಿ ಇಲ್ಲದಿದ್ದರೆ, ಪ್ರಾಮಾಣಿಕ ಮಿಲ್ ಮಾಲೀಕನೂ ಸಿಕ್ಕಿಬೀಳುತ್ತಾನೆ.

ಕಾನೂನಿನಲ್ಲೂ ಕೊರತೆ ಇದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಈ ಹಿಂದೆ 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ಗುತ್ತಿಗೆ ಕಾರ್ಮಿಕರ ನಿಯಮಗಳ ಮಿತಿ 20ರಿಂದ 50ಕ್ಕೆ ಏರಿದೆ. ಸಣ್ಣ ಮಿಲ್ಲುಗಳ ಸುರಕ್ಷತೆಗೆ ಇದು ಒಳ್ಳೆಯದಲ್ಲ. 'ನಮಗೆ ಯಾವ ಕಾನೂನೂ ಇಲ್ಲ' ಎಂಬ ತಪ್ಪು ಧೈರ್ಯಕ್ಕೂ ದಾರಿಯಾಗುತ್ತದೆ. ಕನಿಷ್ಠ ವೇತನಕ್ಕೆ ಇಂಥ ತಲೆ ಎಣಿಕೆ ಇಲ್ಲ. ಒಬ್ಬನೇ ಆಳಿದ್ದರೂ ಕೊಡಲೇಬೇಕು.

ಹಾಗಾಗಿ ಈಗಿನ ಸಿದ್ಧತೆ ಅರ್ಧದ್ದು, ಅದೂ ಸುಲಭದ ಅರ್ಧ. ಸುಗ್ಗಿಗೆ ಮೊದಲೇ ಹಾಜರಿ ಪುಸ್ತಕ, ಚೀಲದ ದರದ ಲಿಖಿತ ಒಪ್ಪಂದ, ಕನ್ನಡದ ಪಗಾರ ಚೀಟಿ ತಯಾರಿರಲಿ. ಮಿಲ್ ಮಾಲೀಕರ ಸಂಘಗಳು ಸಂಹಿತೆಗಳ ಕುರಿತ ತರಬೇತಿಗೆ ಗುಮಾಸ್ತರನ್ನೂ ಮೇಸ್ತ್ರಿಗಳನ್ನೂ ಕರೆಯಬೇಕು.