ಹದಿಮೂರು ಎಲೆಯ ರಮ್ಮಿ: ಕಡಿಮೆ ಸೋಲುವ ಆಟ

ರಮ್ಮಿಯಲ್ಲಿ ಗೆದ್ದವರಿಗೆ ಅಂಕ ಬರುವುದಿಲ್ಲ. ಅಂಕವೆಲ್ಲ ಸೋತವರ ಪಾಲು. ಎಲೆಗಳನ್ನೆಲ್ಲ ಕೂಡಿಸಿ ಶೋ ಮಾಡಿದವರ ಹೆಸರಿನ ಕೆಳಗೆ ಸೊನ್ನೆ, ಉಳಿದವರ ಹೆಸರಿನ ಕೆಳಗೆ ಅವರ ಕೈಯಲ್ಲಿ ಸಿಕ್ಕಿಬಿದ್ದ ಎಲೆಗಳ ಲೆಕ್ಕ. ಮೊದಲು 101 ಮುಟ್ಟಿದವರು ಮೊದಲು ಏಳುತ್ತಾರೆ, ಕೊನೆಯವರೆಗೆ ಕೂತವರು ಗೆಲ್ಲುತ್ತಾರೆ. ಆಟದ ಗುಣವೂ ದೋಷವೂ ಈ ಕಟ್ಟಳೆಯಿಂದಲೇ ಹುಟ್ಟುತ್ತವೆ. ಹಾಗಿದ್ದೂ ರಮ್ಮಿ ಕಲಿಸುವವರು ಸಾಮಾನ್ಯವಾಗಿ ಬೇಗ ಶೋ ಮಾಡುವುದು ಹೇಗೆಂದು ಹೇಳಿಕೊಡುತ್ತಾರೆಯೇ ಹೊರತು, ಸೋಲುವಾಗ ಕಡಿಮೆ ಅಂಕಕ್ಕೆ ಸೋಲುವುದು ಹೇಗೆಂದು ಹೇಳಿಕೊಡುವುದು ಅಪರೂಪ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯೂ ಸೇರಿದಂತೆ ಮಂಡ್ಯ ಸೀಮೆಯಲ್ಲಿ ಇಸ್ಪೀಟಿಗೆ ತನ್ನದೇ ಕಾಲವಿದೆ. ಯುಗಾದಿ ಮತ್ತು ಮಾರನೆಯ ದಿನದ ಹೊಸತೊಡಕು ಅದರ ಮುಖ್ಯ ದಿನಗಳು. ಮದುವೆಯ ಹಿಂದಿನ ರಾತ್ರಿ ಛತ್ರದ ಜಮಖಾನ ಇನ್ನೊಂದು ಜಾಗ. ಎಲೆಯಾಟಕ್ಕೆ ಈ ನಾಡಿನಲ್ಲಿ ಹಳೆಯ ಮನ್ನಣೆಯೂ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಚದ ಎಂಬ ಗಂಜೀಫಾ ಆಟಗಳ ವಿವರವಿದೆ. ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆ ಬೇಕು. ಆದರೆ ಗಂಜೀಫಾದಲ್ಲಿ ದೊಡ್ಡ ಎಲೆ ಚಿಕ್ಕದನ್ನು ಹೊಡೆಯುತ್ತದೆ. ರಮ್ಮಿಯಲ್ಲಿ ಹೊಡೆತವೂ ಇಲ್ಲ, ತುರುಫೂ ಇಲ್ಲ. ಇಲ್ಲಿ ರಾಜನಿಗೆ ದುರಿಗಿಂತ ಹೆಚ್ಚಿನ ಬಲವಿಲ್ಲ, ಹೆಚ್ಚಿನ ಭಾರ ಮಾತ್ರ ಇದೆ.

ನಿಯಮಗಳು ಸರಳ. ಎರಡು ಕಟ್ಟು ಎಲೆ, ಕಟ್ಟಿಗೊಂದರಂತೆ ಜೋಕರ್, ಒಟ್ಟು 106. ಒಬ್ಬೊಬ್ಬರಿಗೆ 13 ಎಲೆ ಹಂಚಿ, ಒಂದನ್ನು ತೆರೆದಿಟ್ಟು, ಇನ್ನೊಂದನ್ನು ಎತ್ತಿ ಕಟ್ಟಿನಡಿ ಅಡ್ಡಲಾಗಿ ಇಡುತ್ತಾರೆ. ಆ ಸಂಖ್ಯೆಯ ಎಲೆಗಳೆಲ್ಲ ಆ ಆಟಕ್ಕೆ ಜೋಕರ್. ಪ್ರತಿ ಕೈಯಲ್ಲೂ ಒಂದೆಲೆ ಎತ್ತಿ ಒಂದೆಲೆ ಬಿಡಬೇಕು. ಎತ್ತುವುದು ಮುಚ್ಚಿದ ಕಟ್ಟಿನಿಂದಾದರೂ ಸರಿ, ಹಿಂದಿನವರು ಈಗಷ್ಟೇ ಬಿಟ್ಟ ಎಲೆಯಾದರೂ ಸರಿ. ಶೋ ಮಾಡಲು ಕನಿಷ್ಠ ಎರಡು ಸೀಕ್ವೆನ್ಸ್, ಎಂದರೆ ಒಂದೇ ಬಣ್ಣದ ಸಾಲು ಎಲೆಗಳ ಗುಂಪು, ಬೇಕು. ಅವುಗಳಲ್ಲಿ ಒಂದು ಜೋಕರಿನ ನೆರವಿಲ್ಲದೆ ಕೂಡಿದ್ದಾಗಿರಬೇಕು. ಆಡುವವರ ಬಾಯಲ್ಲಿ ಅದೇ ‘ಲೈಫ್’. ಉಳಿದವು ಸೀಕ್ವೆನ್ಸ್ ಆಗಬಹುದು, ಬೇರೆ ಬೇರೆ ಬಣ್ಣದ ಒಂದೇ ಸಂಖ್ಯೆಯ ಸೆಟ್ ಆಗಬಹುದು. ಎಕ್ಕ, ರಾಜ, ರಾಣಿ, ಗುಲಾಮ ತಲಾ ಹತ್ತು, ಉಳಿದವಕ್ಕೆ ಮುಖಬೆಲೆ, ಜೋಕರಿಗೆ ಸೊನ್ನೆ. ಎಷ್ಟೇ ಆದರೂ 80ಕ್ಕೆ ನಿಲ್ಲುತ್ತದೆ. ಆಡುವ ಮುನ್ನವೇ ಡ್ರಾಪ್ ಆದರೆ 20, ನಡುವೆ ಬಿಟ್ಟರೆ 40.

ಲೈಫ್ ಇಲ್ಲದವರ ಕೈಯಲ್ಲಿ ಎರಡು ಒಳ್ಳೆಯ ಸೆಟ್ ಇದ್ದರೂ ಎಲ್ಲ ಎಲೆಯನ್ನೂ ಎಣಿಸಬೇಕು. ಎಕ್ಕದಿಂದ ರಾಜನವರೆಗೆ ಒಂದೊಂದು ಎಲೆ ಕೂಡಿದರೆ 94 ಆಗುತ್ತದೆ. ಎಂದರೆ ಸಾಧಾರಣ ಹದಿಮೂರು ಎಲೆಯ ಭಾರ ತಾನಾಗಿಯೇ 80ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಲೈಫ್ ಕೂಡಿಸುವ ಮೊದಲು ಸೆಟ್ಟಿನ ಬೆನ್ನು ಹತ್ತುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಬಹುತೇಕ ಕಡೆ ಎರಡನೆಯ ಸೀಕ್ವೆನ್ಸ್ ಆಗುವವರೆಗೂ ಲೈಫ್ ಬಿಟ್ಟು ಮಿಕ್ಕೆಲ್ಲ ಎಲೆ ಎಣಿಕೆಗೆ ಬರುತ್ತದೆ. ಹೀಗಾಗಿ ಕೈಗೆ ಬಂದ ಮೊದಲ ಜೋಕರ್ ಈ ಎರಡನೆಯ ಸೀಕ್ವೆನ್ಸಿಗೆ ಸಲ್ಲಬೇಕು.

ಯಾವ ಎಲೆ ಹಿಡಿಯಬೇಕು ಎಂಬ ವಿಷಯದಲ್ಲಿ ಒಂದು ಹಳೆಯ ಉಪದೇಶವಿದೆ: ಏಳು, ಎಂಟು ನಡುವಿನ ಎಲೆಗಳು, ಎರಡೂ ಕಡೆ ಕೂಡುತ್ತವೆ, ಬಿಡಬೇಡಿ. ಲೆಕ್ಕ ಹಾಕಿದರೆ ಇದು ಅರ್ಧ ಸತ್ಯ. ಮೂರೆಲೆಯ ಸೀಕ್ವೆನ್ಸಿನಲ್ಲಿ ಏಳಕ್ಕೆ ಮೂರು ದಾರಿ: 5-6-7, 6-7-8, 7-8-9. ರಾಣಿಗೂ ಮೂರೇ: ಹತ್ತು-ಗುಲಾಮ-ರಾಣಿ, ಗುಲಾಮ-ರಾಣಿ-ರಾಜ, ರಾಣಿ-ರಾಜ-ಎಕ್ಕ. ಮೂರರಿಂದ ರಾಣಿಯವರೆಗೆ ಎಲ್ಲಕ್ಕೂ ಅಷ್ಟೇ. ಎಕ್ಕ, ಎರಡು, ರಾಜ ಮಾತ್ರ ಎರಡೆರಡು ದಾರಿಯವು. ಏಳು ರಾಣಿಗಿಂತ ಮೇಲಾಗುವುದು ಸಿಕ್ಕಿಬಿದ್ದಾಗ ಮೂರು ಅಂಕ ಕಡಿಮೆ ಬೀಳುವುದರಿಂದ, ಹೆಚ್ಚು ಕೂಡುವುದರಿಂದ ಅಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಭಾರ ಇಳಿಸುವ ಆತುರದಲ್ಲಿ ಮೊದಲ ಸುತ್ತುಗಳಲ್ಲಿ ಎಲ್ಲರೂ ಬಿಡುವುದು ರಾಜ-ರಾಣಿಗಳನ್ನೇ. ಒಂದೇ ಬಣ್ಣದ ಗುಲಾಮ-ರಾಣಿಯನ್ನು ಎರಡು ಮೂರು ಸುತ್ತು ಹಿಡಿದಿಟ್ಟವರಿಗೆ ಬೇಕಾದ ಎಲೆ ಆಗಲೇ ಸಿಕ್ಕಬೇಕು. ಸಿಗದಿದ್ದರೆ ಜೋಡಿಯನ್ನು ಒಡೆಯುವುದೇ ಸರಿ.

ಕಾಯುವ ಎಲೆಗಳ ಎಣಿಕೆ ಇದಕ್ಕಿಂತ ಮುಖ್ಯ. ಆಟೀನಿನ 5-6 ಕೈಯಲ್ಲಿದ್ದರೆ 4 ಅಥವಾ 7 ಬಂದರೆ ಸಾಕು. ಎರಡು ಕಟ್ಟಿನಲ್ಲಿ ಅಂಥವು ನಾಲ್ಕು. ನಡುವೆ ತೂತಿರುವ 5-7ಕ್ಕೆ ಬೇಕಾದವು ಎರಡೇ. ತುದಿಯ ಎಕ್ಕ-ಎರಡಕ್ಕೂ ಎರಡೇ. ಆಟೀನಿನ 5-6ರ ಜೊತೆ ಇಸ್ಪೀಟಿನ 6 ಒಂದಿದ್ದರೆ ಸೆಟ್ಟಿನ ಬಾಗಿಲೂ ತೆರೆದು, ಕಾಯುವ ಎಲೆ ಎಂಟಾಗುತ್ತವೆ. ನುರಿತವರು ತೂತಿನ ಜೋಡಿಯನ್ನು ಮೊದಲು ಒಡೆದು, ಇಂಥ ಮೂರೆಲೆಯ ಗುಂಪನ್ನು ಕೊನೆಯವರೆಗೆ ಕಾಪಾಡುವುದು ಈ ಲೆಕ್ಕದಿಂದಲೇ. ಬಾಯಿಬಿಟ್ಟು ಲೆಕ್ಕ ಹೇಳಲಾರದವರೂ ಅಭ್ಯಾಸದಿಂದ ಹೀಗೇ ಆಡುತ್ತಾರೆ.

ಆದರೂ ರಮ್ಮಿಯ ನಿಜವಾದ ಜಾಣ್ಮೆ ಇರುವುದು ಎಲೆ ಬಿಡುವುದರಲ್ಲಿ. ಬಿಟ್ಟ ಎಲೆಯನ್ನು ಎತ್ತುವ ಹಕ್ಕು ಮುಂದಿನವರೊಬ್ಬರಿಗೆ ಮಾತ್ರ ಇರುವುದರಿಂದ, ಇಡೀ ಜಮಖಾನವನ್ನು ಕಾಯಬೇಕಿಲ್ಲ. ಆ ಒಬ್ಬರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು ಎಂಬುದನ್ನು ನೆನಪಿಟ್ಟರೆ ಸಾಕು. ಅವರು ಕಳಾವರ್ 9 ಎತ್ತಿದ ಮೇಲೆ ಕಳಾವರ್ 8 ಅಥವಾ 10 ಬಿಡುವುದು ಎಲೆಯನ್ನು ಕೈಗೇ ಕೊಟ್ಟಂತೆ. ಜೋಕರಿನ ಪಕ್ಕದ ಎಲೆಗಳು ತಕ್ಕಮಟ್ಟಿಗೆ ನಿರಪಾಯ. ಏಳು ಜೋಕರ್ ಆದ ಆಟದಲ್ಲಿ ಯಾರೂ ಏಳನ್ನು ಸೀಕ್ವೆನ್ಸಿನ ನಡುವೆ ವ್ಯರ್ಥ ಮಾಡಲು ಬಯಸುವುದಿಲ್ಲ, ಹಾಗಾಗಿ ಆರಕ್ಕೆ ಉಳಿಯುವ ನಿಜವಾದ ದಾರಿ 4-5-6 ಒಂದೇ.

ಆಸೆ ತೋರಿಸಿ ಎಲೆ ಬಿಡಿಸಿಕೊಳ್ಳುವ ತಂತ್ರಕ್ಕೆ ಅದರ ಯೋಗ್ಯತೆಗಿಂತ ಹೆಚ್ಚು ಹೆಸರಿದೆ. ಅದು ನಾಟುವುದು ಮುಂದಿನವರ ಮೇಲೆ ಅಲ್ಲ, ಹಿಂದಿನವರ ಮೇಲೆ. ಬೇಕಾದ ಎಲೆ ಬರುವುದು ಅವರ ಕೈಯಿಂದಲೇ. ಆಟೀನಿನ 7ರ ಜೊತೆ ಆಟೀನಿನ ಎರಡು ಒಂಬತ್ತು ಬಂದಾಗ ಒಂದು ಒಂಬತ್ತನ್ನು ಬಿಟ್ಟರೆ, ಹಿಂದಿನವರು ಆಟೀನಿನ 8 ಬಿಡಲು ಹೆದರುವುದಿಲ್ಲ. ಇಲ್ಲಿ ಖರ್ಚೇನೂ ಇಲ್ಲ, ಎರಡನೆಯ ಒಂಬತ್ತು ಹೇಗೂ ಬೇಡದ ಎಲೆ. ಆದರೆ ಕೂಡುತ್ತಿದ್ದ ಜೋಡಿಯನ್ನೇ ಒಡೆದು ಆಸೆ ತೋರಿಸುವುದು ಜಾಣತನವಲ್ಲ, ಹುಂಬತನ.

ಡ್ರಾಪ್ ನಿಯಮದ ಲೆಕ್ಕ ಹೀಗಿದೆ. ನಾಲ್ವರು ಸಮಬಲದವರು ಕೂತರೆ ನಾಲ್ಕರಲ್ಲೊಂದು ಆಟ ಒಬ್ಬೊಬ್ಬರದು. ಉಳಿದ ಮೂರರಲ್ಲಿ ಸರಾಸರಿ 27 ಬಿದ್ದರೆ ಒಟ್ಟು 81; ನಾಲ್ಕೂ ಸಲ ಮೊದಲೇ ಬಿಟ್ಟಿದ್ದರೆ 80. ಎಂದರೆ ಜೋಕರೂ ಇಲ್ಲದ, ಲೈಫಿನ ಕುರುಹೂ ಇಲ್ಲದ ಕೈಯನ್ನು ಆಡುವುದು ನಷ್ಟದ ಬಾಬತ್ತು. 101ರ ಆಟದಲ್ಲಿ ಐದು ಸಲ ಡ್ರಾಪ್ ಆದವರೂ 100ಕ್ಕೆ ನಿಂತು ಉಳಿಯುತ್ತಾರೆ. ಒಮ್ಮೆ ಫುಲ್ ಕೌಂಟ್, ಎಂದರೆ ಪೂರ್ತಿ 80, ತಿಂದವರಿಗೆ ಉಳಿಯುವುದು ಒಂದೇ ಡ್ರಾಪ್. ತಂತ್ರವಾಗಿ ಇದು ಚೊಕ್ಕ. ಮನೆಯ ಆಟವಾಗಿ ನೋಡಿದರೆ ಇದೇ ರಮ್ಮಿಯ ದೊಡ್ಡ ಕೊರತೆ, ಏಕೆಂದರೆ ಚೆನ್ನಾಗಿ ಆಡುವುದೆಂದರೆ ಆಗಾಗ ಆಡದೆ ಸುಮ್ಮನೆ ಕೂರುವುದು ಎಂದಾಗುತ್ತದೆ. ರಜೆಗೆ ಬಂದ ಮಕ್ಕಳಿಗೆ ಎಲೆ ಹಂಚಿ, ಮರುಕ್ಷಣ ಕೆಳಗಿಡು ಎನ್ನುವ ಆಟವನ್ನು ಅವರು ಯಾಕೆ ಇಷ್ಟಪಡಬೇಕು? ಚೌಕಾಬಾರದಲ್ಲಿ ಸೋಲುವವರಿಗೂ ಕೊನೆಯವರೆಗೆ ಕಾಯಿ ನಡೆಸುವ ಸುಖವಿದೆ.

ಅದೃಷ್ಟದ ಪಾಲೂ ಸಣ್ಣದಲ್ಲ. ಮೂರು ಜೋಕರ್ ಬಂದ ಕೈಯನ್ನು ಅರೆಬರೆ ಆಟಗಾರರೂ ಗೆಲ್ಲಿಸುತ್ತಾರೆ. ಜಾಣ್ಮೆ ಕಾಣಬೇಕಾದರೆ ಹತ್ತಾರು ಆಟ ಸಾಗಬೇಕು. 1967ರಲ್ಲಿ ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹದಿಮೂರು ಎಲೆಯ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿತು. ಬಿದ್ದ ಎಲೆಗಳನ್ನು ನೆನಪಿಡುವುದು, ಹಿಡಿಯುವುದು, ಬಿಡುವುದು ಇವೇ ಅದಕ್ಕೆ ಕೊಟ್ಟ ಕಾರಣಗಳು. ಆಟದ ಒಳಗನ್ನು ಬಲ್ಲ ಮಾತುಗಳು. ಹಳ್ಳಿಗಳಲ್ಲಿ ಪೊಲೀಸರ ದಾಳಿಗೆ ಹೆಚ್ಚಾಗಿ ಸಿಕ್ಕುವ ಅಂದರ್-ಬಾಹರ್ ಇದರ ಪಕ್ಕ ನಿಲ್ಲುವುದಿಲ್ಲ. ಅಲ್ಲಿ ಮೊದಲ ಎಲೆ ಬೀಳುವ ಬದಿಗೆ ನೂರಕ್ಕೆ ಐವತ್ತೊಂದೂವರೆಯಷ್ಟು ಗೆಲುವಿನ ಸಾಧ್ಯತೆ, ಅದರಾಚೆ ಯೋಚಿಸಲು ಏನೂ ಇಲ್ಲ. ಆದರೆ ಕೌಶಲವಿದ್ದ ಮಾತ್ರಕ್ಕೆ ದುಡ್ಡು ಕಳೆಯುವುದು ತಪ್ಪುವುದಿಲ್ಲ. ಜೂಜಿನ ನಿಷೇಧಕ್ಕೆ ಆನ್‌ಲೈನ್ ಆಟಗಳನ್ನೂ ಸೇರಿಸಿದ್ದ ಕರ್ನಾಟಕದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಾದರೋ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಹಣವಿಲ್ಲದ ಮನೆಯಾಟಕ್ಕೆ ರಮ್ಮಿಯನ್ನು ಹೊಂದಿಸಲು ಎರಡು ತಿದ್ದುಪಡಿ ಸಾಕು. ಡ್ರಾಪ್ ಕೈಬಿಟ್ಟು, ಫುಲ್ ಕೌಂಟನ್ನು 80ರಿಂದ 40ಕ್ಕೆ ಇಳಿಸಿದರೆ ಎಲ್ಲರೂ ಎಲ್ಲ ಆಟ ಆಡುತ್ತಾರೆ, ಒಂದು ಕೆಟ್ಟ ಕೈ ಯಾರನ್ನೂ ಅಂಚಿಗೆ ತಳ್ಳುವುದಿಲ್ಲ. ಇನ್ನೊಂದು ತಿದ್ದುಪಡಿ ಕಟ್ಟುಗಳ ಲೆಕ್ಕದ್ದು. ಆರು ಜನಕ್ಕೆ ಎರಡು ಕಟ್ಟಿನಿಂದ ಹಂಚಿದರೆ 78 ಎಲೆ ಹೋಗಿ 28 ಮಾತ್ರ ಉಳಿಯುತ್ತವೆ. ನಾಲ್ಕೈದು ಸುತ್ತಿಗೆ ಕಟ್ಟು ಬರಿದಾಗಿ ಬಿಟ್ಟ ಎಲೆಗಳನ್ನೇ ಮತ್ತೆ ಕಲೆಸಬೇಕು, ನೆನಪಿಟ್ಟುಕೊಂಡವರ ಶ್ರಮವೂ ಅಲ್ಲಿಗೆ ವ್ಯರ್ಥ. ಮೂರು ಕಟ್ಟು ಸೇರಿಸಿದರೆ 159 ಎಲೆಗಳಾಗಿ 81 ಉಳಿಯುತ್ತವೆ. ಆಗ ಕಾಯುವ ಎಲೆಗಳ ಎಣಿಕೆಯೂ ಬದಲಾಗುತ್ತದೆ: ಎರಡೂ ಕಡೆ ತೆರೆದ ಜೋಡಿಗೆ ನಾಲ್ಕರ ಬದಲು ಆರು, ತೂತಿನ ಜೋಡಿಗೆ ಎರಡರ ಬದಲು ಮೂರು.