ಕುರಿಗಳಿಗೆ ಬಿಟ್ಟ ದಾರಿ, ಸೈಕಲ್ಲಿಗೂ ದಕ್ಕಿತು

ಸ್ಪೇನಿನ ಒಳನಾಡಿನ ಜಲ್ಲಿ ದಾರಿಗಳನ್ನು ಹುಡುಕಿಕೊಂಡು ಯುರೋಪಿನ ಮೂಲೆಮೂಲೆಯಿಂದ ಸೈಕಲ್ ಸವಾರರು ಬರುತ್ತಾರೆ. ಅಲ್ಲಿಗೇ ಏಕೆ ಎಂದರೆ ಉತ್ತರ ಸಿದ್ಧವಾಗಿರುತ್ತದೆ: ಅಲ್ಲಿ ಜನವಿಲ್ಲ, ಹಾಗಾಗಿ ಕಾರುಗಳೂ ಇಲ್ಲ. ತೆರುವೆಲ್ ಪ್ರಾಂತ್ಯದಲ್ಲಿ ಚದರ ಕಿಲೋಮೀಟರಿಗೆ ಸುಮಾರು 9 ಜನ. ಇಡೀ ದೇಶದ ಸರಾಸರಿ 95ರ ಆಸುಪಾಸು. ಲೆಕ್ಕ ನೋಡಿದರೆ ಉತ್ತರ ಸರಿಯೆಂದೇ ತೋರುತ್ತದೆ. ಆದರೆ ಜನ ಕಡಿಮೆಯಾದ ಮಾತ್ರಕ್ಕೆ ಸೈಕಲ್ಲಿಗೆ ದಾರಿ ಸಿಗುವುದಿಲ್ಲ. ಜನ ಬಿಟ್ಟುಹೋದ ನೆಲದಲ್ಲಿ ಸಾಮಾನ್ಯವಾಗಿ ಉಳಿಯುವುದು ಪೊದೆ, ತಂತಿಬೇಲಿ, ಬೀಗ ಜಡಿದ ಗೇಟು. ಇಡೀ ದಿನ ಒಂದು ಕಾರೂ ಎದುರಾಗದಂತೆ ಊರಿಂದೂರಿಗೆ ಪೆಡಲ್ ತುಳಿಯಬೇಕಾದರೆ ಮೊದಲು ದಾರಿ ಇರಬೇಕು, ಅದು ಯಾರೂ ಮುಚ್ಚಲಾಗದ ದಾರಿಯಾಗಿರಬೇಕು. ಸ್ಪೇನಿನ ಈ ನೆಮ್ಮದಿಯ ಶ್ರೇಯಸ್ಸು ಬಹುಪಾಲು ಸಲ್ಲಬೇಕಾದದ್ದು ಅಂಥ ದಾರಿಗಳನ್ನು ಸಾರ್ವಜನಿಕ ಸ್ವತ್ತಾಗಿ ಕಾಯ್ದುಕೊಂಡ ಕಾನೂನಿಗೆ ಎಂಬುದು ನನ್ನ ವಾದ.

ಇದಕ್ಕೆ ಮೊದಲ ಸಾಕ್ಷಿ ಕುರಿಗಳ ಹೆದ್ದಾರಿ. ಬೇಸಿಗೆಯಲ್ಲಿ ಲಿಯೋನ್, ಸೋರಿಯಾದ ಬೆಟ್ಟಗಳಲ್ಲಿ ಮೇಯುವ ಮೆರಿನೊ ಕುರಿಗಳು ಚಳಿಗಾಲಕ್ಕೆ ಎಸ್ತ್ರೆಮದೂರ, ಆಂದಲೂಸಿಯದ ಬೆಚ್ಚನೆಯ ಹುಲ್ಲುಗಾವಲಿಗೆ ಇಳಿಯಬೇಕಿತ್ತು. ಆ ವಲಸೆಗಾಗಿ ದೊರೆ ಹತ್ತನೇ ಅಲ್ಫೊನ್ಸೊ 1273ರಲ್ಲಿ ಕುರಿಗಾರರ ಸಂಘವಾದ ಮೆಸ್ತಾಕ್ಕೆ ಸನ್ನದು ಕೊಟ್ಟ. ರಾಜಮಾರ್ಗದ ಅಂತಸ್ತಿನ ಕಾನ್ಯಾದಾ ರೆಯಾಲ್‌ಗೆ 90 ವಾರಾ ಅಗಲ, ಅಂದರೆ ಸುಮಾರು 75 ಮೀಟರ್. ಅದಕ್ಕಿಂತ ಕಿರಿದಾದ ಕೊರ್ದೆಲ್ ಅದರ ಅರ್ಧ. ವೆರೇದಾ 20 ಮೀಟರ್. ಈ ಎಲ್ಲ ದಾರಿಗಳನ್ನು ಕೂಡಿಸಿದರೆ ಸುಮಾರು 1,25,000 ಕಿ.ಮೀ. ಆಗುತ್ತದೆ. ಕಾನ್ಯಾದಾ ಎಂದರೆ ನಾವು ಅಂದುಕೊಳ್ಳುವಂಥ ರಸ್ತೆಯಲ್ಲ. ಎರಡು ಗೋಧಿ ಹೊಲಗಳ ನಡುವೆ ಬಿಟ್ಟ ಉದ್ದನೆಯ ಹುಲ್ಲಿನ ಪಟ್ಟಿ. ಅದರ ಮೇಲೆ ಗೊರಸು, ಗಾಲಿಗಳು ಸವೆಸಿದ ಮೂರ್ನಾಲ್ಕು ಜಾಡುಗಳು, ಅಂಚಿನಲ್ಲಿ ಅಲ್ಲಲ್ಲಿ ಗಡಿಕಲ್ಲು. ಒಂದು ಜಾಡು ಕಲ್ಲುಮಯವಾದರೆ ಪಕ್ಕದ್ದಕ್ಕೆ ಹೊರಳಬಹುದು. ನಡುವೆ ಬೆಳೆದ ಥೈಮ್ ಗಿಡ ಟೈರಿಗೆ ಸಿಕ್ಕಿ ಜಜ್ಜಿದಾಗ ಏಳುವ ಘಮ ಟಾರು ರಸ್ತೆಯಲ್ಲಿ ಎಂದೂ ಸಿಗುವಂಥದ್ದಲ್ಲ.

ಮೆಸ್ತಾ ರೈತರ ಪಾಲಿಗೆ ಕಂಟಕವಾಗಿತ್ತಲ್ಲ, ಅದನ್ನು ಹೊಗಳುವುದೇ ಎಂದು ಇತಿಹಾಸ ಬಲ್ಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉಣ್ಣೆಯ ವ್ಯಾಪಾರದಿಂದ ಖಜಾನೆ ತುಂಬುತ್ತಿದ್ದುದರಿಂದ ಅರಸರು ಶತಮಾನಗಳ ಕಾಲ ಉಳುವವನ ವಿರುದ್ಧ ಕುರಿಗಾರನ ಪರ ನಿಂತರು. ಸ್ಪೇನಿನ ಚಿಂತಕ ಹೊವೆಯಾನೋಸ್ 1795ರ ತನ್ನ ಕೃಷಿ ವರದಿಯಲ್ಲಿ ಈ ಪಕ್ಷಪಾತವನ್ನು ಕಟುವಾಗಿ ಖಂಡಿಸಿದ. 1836ರಲ್ಲಿ ಮೆಸ್ತಾ ರದ್ದಾಯಿತು, ಆಗಬೇಕಾದದ್ದೇ. ಆದರೆ ಸಂಘ ಹೋದರೂ ದಾರಿ ಉಳಿಯಿತು. 1995ರ ಕಾಯ್ದೆ ಈ ದಾರಿಗಳನ್ನು ಮಾರಲು ಬಾರದ, ಅನುಭವದ ಹಕ್ಕು ಹೇಳಿ ಕಬಳಿಸಲಾಗದ ಸಾರ್ವಜನಿಕ ಸ್ವತ್ತೆಂದು ಮತ್ತೆ ದೃಢಪಡಿಸಿತು. ಅದೇ ಕಾಯ್ದೆ ಕಾಲ್ನಡಿಗೆಗೆ, ಕುದುರೆ ಸವಾರಿಗೆ, ಮೋಟಾರಿಲ್ಲದ ವಾಹನಗಳಿಗೆ ಅವಕಾಶ ಕೊಟ್ಟು, ಜಾನುವಾರಿಗೇ ಮೊದಲ ಆದ್ಯತೆ ಎಂಬ ಷರತ್ತನ್ನೂ ಹಾಕಿತು. ಒಂದು ವರ್ಗದ ವಿಶೇಷಾಧಿಕಾರ ಹೀಗೆ ಎಲ್ಲರ ಹಕ್ಕಾಗಿ ಮಾರ್ಪಟ್ಟದ್ದು ನನ್ನ ದೃಷ್ಟಿಯಲ್ಲಿ ಯುರೋಪಿನ ಭೂಕಾನೂನುಗಳ ಅತ್ಯಂತ ಸುಂದರ ತಿರುವುಗಳಲ್ಲೊಂದು.

ಕುರಿದಾರಿಗಳಷ್ಟರಿಂದಲೇ ಸವಾರನ ಹೊಟ್ಟೆ ತುಂಬುವುದಿಲ್ಲ. 1952ರ ಕಾಯ್ದೆಯ ನಂತರ, ಚದುರಿಹೋಗಿದ್ದ ತುಂಡು ಹಿಡುವಳಿಗಳನ್ನು ಒಟ್ಟುಗೂಡಿಸಿದಾಗ ಪ್ರತಿ ಹೊಲಕ್ಕೂ ಟ್ರ್ಯಾಕ್ಟರ್ ಹೋಗುವಂಥ ದಾರಿ ಬೇಕಾಯಿತು. ಕಾಸ್ಟೀಲಿನ ಬಯಲಲ್ಲಿ ಗೆರೆ ಎಳೆದಂತೆ ಸಾಗುವ ಬಿಳಿ ದಾರಿಗಳು ಬಹುಪಾಲು ಆಗಿನವು. ಜಲ್ಲಿ, ಮರಳು, ಜೇಡಿ ಬೆರೆಸಿ ರೋಲರ್ ಹೊಡೆದ ಮೇಲ್ಮೈ, ಎರಡೂ ಕಡೆ ನೀರು ಹರಿಯಲು ಚರಂಡಿ. ಬೆಟ್ಟದ ಕಡೆ 1940ರ ನಂತರ ಪೈನ್ ನೆಡುತೋಪುಗಳಿಗಾಗಿ, ಕಾಡ್ಗಿಚ್ಚು ನಂದಿಸಲು ಹೋಗುವವರಿಗಾಗಿ ಅರಣ್ಯದ ದಾರಿಗಳಾದವು. ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್, ಕಂಪನಿಗಳು ಹುಟ್ಟುಹಾಕಿದ ಖಯಾಲಿ ಎನ್ನುವವರು ಈ ಮೇಲ್ಮೈಯನ್ನು ನೋಡಬೇಕು. ರಸ್ತೆ ಸೈಕಲ್ಲಿನ ತೆಳು ಟೈರು ಇಲ್ಲಿ ಕಲ್ಲಿಗೆ ಪುಟಿಯುತ್ತದೆ. ಬೆಟ್ಟದ ಸೈಕಲ್ಲಿನ ಭಾರದ ಚೌಕಟ್ಟು, ಸ್ಪ್ರಿಂಗು ಈ ನೇರ ದಾರಿಗೆ ಅನಗತ್ಯ. 45 ಮಿ.ಮೀ. ಅಗಲದ ಟೈರಿಗೆ 30ರಿಂದ 35 ಪಿಎಸ್‌ಐ ಗಾಳಿ ಸಾಕು. ಆಗ ಸಣ್ಣ ಕಲ್ಲನ್ನು ಟೈರೇ ನುಂಗಿಕೊಳ್ಳುತ್ತದೆ, ತುಳಿದ ಶಕ್ತಿ ಕುಲುಕಾಟದಲ್ಲಿ ಸೋರಿಹೋಗುವುದಿಲ್ಲ, ಸಂಜೆಯಾದರೂ ಅಂಗೈ ಜೋಮು ಹಿಡಿಯುವುದಿಲ್ಲ. ಟ್ಯೂಬ್‌ಲೆಸ್ ಟೈರು ಕಡ್ಡಾಯವೆಂದೇ ಹೇಳುತ್ತೇನೆ. ನಮ್ಮ ಹೊಲದ ಬದುಗಳಲ್ಲಿ ಹರಡುವ ನೆಗ್ಗಿಲು ಸ್ಪೇನಿನ ಒಣನೆಲದಲ್ಲೂ ಬೆಳೆಯುತ್ತದೆ, ಅದರ ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿರುತ್ತದೆ. ಒಳಗೆ ದ್ರವ ಹಾಕಿದ ಟೈರಿಗೆ ಅದು ಚುಚ್ಚಿದರೆ ಒಂದೆರಡು ಸುತ್ತಿನಲ್ಲಿ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ಈಗ ನನ್ನ ವಾದದ ನಿಜವಾದ ಪರೀಕ್ಷೆಗೆ ಬರೋಣ. ಖಾಲಿ ಊರುಗಳೇ ನೆಮ್ಮದಿಗೆ ಕಾರಣವಾಗಿದ್ದರೆ ಜನ ತುಂಬಿದ ಕಡೆ ಅದು ಸಿಗಬಾರದು. ಹಾಯೆನ್‌ನಿಂದ ಪುವೆಂತೆ ಹೆನಿಲ್‌ವರೆಗಿನ 128 ಕಿ.ಮೀ. ಹಾದಿಯನ್ನು ನೋಡಿ. ಒಂದು ಕಾಲಕ್ಕೆ ಆಲಿವ್ ಎಣ್ಣೆ ಸಾಗಿಸುತ್ತಿದ್ದ ರೈಲು ಮಾರ್ಗವದು. ಈಗ ವಿಯಾ ವೆರ್ದೆ, ಅಂದರೆ ಹಳಿ ಕಿತ್ತು ನಡಿಗೆಗೂ ಸೈಕಲ್ಲಿಗೂ ಬಿಟ್ಟುಕೊಟ್ಟ ಹಸಿರು ಹಾದಿ. ಮಾರ್ತೋಸ್, ಕಾಬ್ರಾ, ಲುಸೆನಾದಂಥ ತುಂಬಿದ ಪಟ್ಟಣಗಳ ಮಗ್ಗುಲಲ್ಲೇ ಅದು ಹಾಯುತ್ತದೆ, ಹತ್ತೊಂಬತ್ತನೇ ಶತಮಾನದ ಕಬ್ಬಿಣದ ಸೇತುವೆಗಳ ಮೇಲಿಂದ ಕಣ್ಣು ಹಾಯುವವರೆಗೂ ಆಲಿವ್ ತೋಪು. ಅಲ್ಲಿ ಜನರಿದ್ದಾರೆ, ವಾಹನಗಳಿಲ್ಲ. ಇಂಥ ಹಾದಿಗಳನ್ನು ರೂಪಿಸುವ ಕಾರ್ಯಕ್ರಮ 1993ರಲ್ಲಿ ಶುರುವಾಗಿ ಈಗ 3,000 ಕಿ.ಮೀ. ದಾಟಿದೆ. ಓಹೋಸ್ ನೇಗ್ರೋಸ್ ಗಣಿಯಿಂದ ಸಗುಂತೊ ಕಡಲಿನತ್ತ ಕಬ್ಬಿಣದ ಅದಿರು ಇಳಿಸುತ್ತಿದ್ದ ರೈಲು 1972ರಲ್ಲಿ ನಿಂತುಹೋಯಿತು. ಅದರ ಜಾಡಿನಲ್ಲಿ ಸುಮಾರು 160 ಕಿ.ಮೀ. ಹಾದಿಯಿದೆ. ಪುಯೆರ್ತೊ ಸೆರ್ರಾನೊದಿಂದ ಓಲ್ವೆರಾಕ್ಕೆ ಹೋಗುವ 36 ಕಿ.ಮೀ. ಹಾದಿಯಲ್ಲಂತೂ 30 ಸುರಂಗಗಳು, ಸಾಫ್ರಮಗೋನ್ ಬಂಡೆಯ ಮೇಲೆ ರಣಹದ್ದುಗಳ ದೊಡ್ಡ ನೆಲೆ. 1920ರ ದಶಕದಲ್ಲಿ ಕಟ್ಟಿದ ಆ ಮಾರ್ಗದಲ್ಲಿ ಒಮ್ಮೆಯೂ ರೈಲು ಓಡಲಿಲ್ಲ. ಆದರೂ ಆ ನೆಲ ತುಂಡುತುಂಡಾಗಿ ಮಾರಾಟವಾಗದೆ ಉಳಿದದ್ದರಿಂದಲೇ ಇಂದು ಸವಾರನಿಗೆ ದಕ್ಕಿದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಶಾಲೆ ಮುಚ್ಚಿದ, ವೈದ್ಯರು ವಾರಕ್ಕೊಮ್ಮೆ ಬರುವ ಹಳ್ಳಿಯ ನೀರವತೆಯನ್ನು ಸವಿಯುವುದು ಪರರ ಕಷ್ಟವನ್ನು ಸವಿದಂತಲ್ಲವೇ? 2019ರ ಮಾರ್ಚ್ 31ರಂದು ಇಂಥ ಊರುಗಳ ಸಾವಿರಾರು ಜನ ಮ್ಯಾಡ್ರಿಡ್ಡಿನ ಬೀದಿಗಿಳಿದದ್ದು ಇದೇ ನೋವಿನಿಂದ. ಸೈಕಲ್ ಪ್ರವಾಸ ಅವರ ಕಷ್ಟ ಪರಿಹರಿಸುತ್ತದೆ ಎಂದರೆ ಅದು ಸುಳ್ಳು. ಆದರೆ ಸವಾರನ ಹಿತವೂ ಅವರ ಹಿತವೂ ಎದುರುಬದುರು ನಿಂತಿಲ್ಲ. ಸೈಕಲ್ ತುಳಿಯುವವನಿಗೆ ಪ್ರತಿ ಮೂವತ್ತು ನಲವತ್ತು ಕಿ.ಮೀ.ಗೊಮ್ಮೆ ನೀರು, ಬ್ರೆಡ್ಡು, ಒಂದು ತಟ್ಟೆ ಬಿಸಿ ಊಟ, ರಾತ್ರಿಗೊಂದು ಕೋಣೆ ಬೇಕೇ ಬೇಕು. ತೆರುವೆಲ್ ಪ್ರಾಂತ್ಯದಲ್ಲಿ ಅಂಗಡಿ, ಬಾರ್ ಎರಡನ್ನೂ ಒಂದೇ ಸೂರಿನಡಿ ನಡೆಸುವ, ಸ್ಥಳೀಯ ಆಡಳಿತದ ನೆರವುಳ್ಳ ಮಳಿಗೆಗಳಿವೆ. ಅವು ಬಾಗಿಲು ಹಾಕಿದರೆ ಊರಿನ ಹಿರಿಯರಿಗೆ ಎಷ್ಟು ತೊಂದರೆಯೋ, ಬಾಯಾರಿ ಬಂದ ಸವಾರನಿಗೂ ಅಷ್ಟೇ. ಪೂರ್ತಿ ಬರಿದಾದ ಸೀಮೆಯಲ್ಲಿ ಸೈಕಲ್ ಪ್ರವಾಸ ನಡೆಯುವುದೇ ಇಲ್ಲ. ಆದ್ದರಿಂದ ಡಬ್ಬಿ ಆಹಾರ ಹೊತ್ತು ಊರುಗಳನ್ನು ಬಳಸಿಕೊಂಡು ಹೋಗುವ ಶೈಲಿ ನನಗೆ ಒಪ್ಪಿಗೆಯಿಲ್ಲ.

ಕಾನೂನಿದ್ದರೆ ಸಾಕೇ ಎಂಬ ಪ್ರಶ್ನೆಗೂ ಉತ್ತರಿಸಬೇಕು. ಸಾಲದು. ಎಷ್ಟೋ ಕಾನ್ಯಾದಾಗಳನ್ನು ಅಕ್ಕಪಕ್ಕದವರು ವರ್ಷಕ್ಕೊಂದು ಸಾಲಿನಂತೆ ಉತ್ತು ಕಿರಿದಾಗಿಸಿದ್ದಾರೆ. ಮ್ಯಾಡ್ರಿಡ್ ಹತ್ತಿರ ಗಾಲಿಯಾನಾ ಎಂಬ ರಾಜಮಾರ್ಗದ ಮೇಲೆ ಕಿಲೋಮೀಟರುಗಟ್ಟಲೆ ಮನೆಗಳೆದ್ದಿವೆ. ಬೇರೆ ನೆಲೆಯಿಲ್ಲದ ಬಡವರೂ ಅಲ್ಲಿದ್ದಾರೆ, ಆದ್ದರಿಂದ ಅದನ್ನು ಬರೀ ಒತ್ತುವರಿ ಎಂದು ತಳ್ಳಿಹಾಕಲಾಗದು. ಓಡಾಟ ನಿಂತ ದಾರಿಯ ಮೇಲೆ ಬೇರೆಯವರ ಕಣ್ಣು ಬೀಳುತ್ತದೆ, ಕುರಿಗಾರರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. 1994ರಿಂದ ಅವರು ಶರತ್ಕಾಲದಲ್ಲಿ ಮ್ಯಾಡ್ರಿಡ್ ನಗರದ ನಡುವೆಯೇ ಹಿಂಡು ಹೊಡೆದುಕೊಂಡು ಹೋಗಿ, 1418ರ ಒಪ್ಪಂದದಂತೆ ಸಾವಿರ ಕುರಿಗೆ 50 ಮರವೇದಿ ನಾಣ್ಯಗಳ ಸುಂಕವನ್ನು ನಗರಾಡಳಿತಕ್ಕೆ ಸಲ್ಲಿಸುತ್ತಾರೆ. ಸೈಕಲ್ ಸವಾರ ಆ ಹಕ್ಕಿನ ಋಣದಲ್ಲಿರುವವನು. ಹಿಂಡು ಎದುರಾದರೆ ಇಳಿದು ನಿಲ್ಲಬೇಕು, ಕಾವಲಿನ ದೊಡ್ಡ ಮಾಸ್ಟಿಫ್ ನಾಯಿಗೂ ತನಗೂ ನಡುವೆ ಸೈಕಲ್ ಇಟ್ಟುಕೊಂಡು ಹಿಂಡನ್ನು ಬಳಸಿ ನಿಧಾನವಾಗಿ ನಡೆಯಬೇಕು. ತೆರೆದಿದ್ದ ಗೇಟನ್ನು ತೆರೆದೇ, ಮುಚ್ಚಿದ್ದನ್ನು ಮುಚ್ಚಿಯೇ ಮುಂದೆ ಹೋಗಬೇಕು.

ಹೋಗುವವರು ಹವಾಮಾನವನ್ನು ಹಗುರವಾಗಿ ತೆಗೆದುಕೊಳ್ಳದಿರಲಿ. ತೆರುವೆಲ್ ಸುತ್ತಿನ ಎತ್ತರದ ಪ್ರಸ್ಥಭೂಮಿಯ ಬಹುಭಾಗ 1,000 ಮೀಟರಿಗಿಂತ ಮೇಲಿದೆ. ತೆರುವೆಲ್‌ನ ಕಲಮೋಚಾದಲ್ಲಿ 1963ರ ಡಿಸೆಂಬರಿನಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಿತ್ತು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ಹಂದಿ ಬೇಟೆ ನಡೆಯುತ್ತದೆ, ಫಲಕ ಕಂಡರೆ ಹಿಂದಿರುಗುವುದೇ ಸರಿ. ಮಳೆ ಬಿದ್ದ ಮರುದಿನ ಕೆಂಪು ಜೇಡಿ ಗಾಲಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಸೈಕಲ್ ತಳ್ಳುವುದಕ್ಕೂ ಬಿಡುವುದಿಲ್ಲ. ಊರಲ್ಲೇ ಒಂದು ದಿನ ಉಳಿದರೆ ದಾರಿ ಒಣಗಿರುತ್ತದೆ. ಮೊದಲ ಸಲದವರು ಆಲಿವ್ ಹಾದಿಯಲ್ಲಿ ಕಾಲು ಪಳಗಿಸಿಕೊಂಡು ಆಮೇಲೆ ತೆರುವೆಲ್ ಕಡೆ ಹೊರಡಲಿ, ಮೇ ಕೊನೆಯಲ್ಲೋ ಸೆಪ್ಟೆಂಬರಿನಲ್ಲೋ.