ಬ್ಲ್ಯಾಕ್ ಟಿಕೆಟ್ಟಿನ ನ್ಯಾಯ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮಾರುವುದು 1994ರ ಕಾನೂನಿನಂತೆ ಅಪರಾಧ. ಕೊಂಡ ಬೆಲೆಗೇ ಮಾರಿದರೂ ತಪ್ಪೇ. ಎರಡು ತಂಡಗಳ ಅಭಿಮಾನಿಗಳು ಒಂದೇ ಕಡೆ ಕೂತು ಹೊಡೆದಾಡಬಾರದೆಂಬುದು ಅದರ ಉದ್ದೇಶ. ನಾಟಕದ, ಸಂಗೀತದ ಟಿಕೆಟ್ಟುಗಳನ್ನು ಆ ಕಾನೂನು ಮುಟ್ಟಲಿಲ್ಲ. ಅಂದರೆ ಅದು ನೋಡಿದ್ದು ಗಲಾಟೆಯನ್ನು, ಅನ್ಯಾಯವನ್ನಲ್ಲ. ನನ್ನ ತಕರಾರು ಇಲ್ಲೇ.

“ಕೊಳ್ಳುವವರು ಒಪ್ಪಿಯೇ ಹೆಚ್ಚು ಕೊಡುತ್ತಾರಲ್ಲ” ಎನ್ನುವವರುಂಟು. ನಮ್ಮೂರ ಟಾಕೀಸಿನ ಮುಂದೆ, ಮಕ್ಕಳ ಅಳು ನೋಡಲಾರದೆ, ನಾನೂ ಒಮ್ಮೆ ಬ್ಲ್ಯಾಕಿನಲ್ಲಿ ಕೊಂಡವಳೇ. ಒಪ್ಪಿ ಕೊಟ್ಟೆನೆ? ಸೋತು ಕೊಟ್ಟೆ. ನನಗಿಂತ ಮೊದಲೇ ಸಾಲಿನಲ್ಲಿ ನಿಂತಿದ್ದ ಹೆಂಗಸು ಸೊಂಟದ ಕೂಸಿನೊಡನೆ ಹಿಂದಿರುಗಿದಳು. ಬ್ಲ್ಯಾಕಿನವನು ಒಂದು ಕುರ್ಚಿಯನ್ನೂ ಹೆಚ್ಚಿಸುವುದಿಲ್ಲ. ಇನ್ನೊಬ್ಬರ ಸರದಿಯನ್ನು ಕದಿಯುತ್ತಾನೆ, ಅಷ್ಟೆ. ಅಂದು ಆ ಕದ್ದ ಮಾಲನ್ನು ಕೊಂಡವಳು ನಾನು.